ಏನೇನು ತಿನ್ನಬಹುದು

ಮಂಗಳವಾರ ನಮಗೆ ಸಂತೆ.
ಹಾಸನದ ದೊಡ್ಡಾಸ್ಪತ್ರೆ, ಮೂರನೇ ಮಹಡಿ,
ಆರು ಕುರ್ಚಿ, ಆರು ಕೊಕ್ಕೆಗೆ ಆರು ಬಾಟಲಿ.
ಸೂಜಿ ಸಿಕ್ಕಿಸಿ ಸಿಸ್ಟರ್ ಅತ್ತ ಹೋದದ್ದೇ
ಇತ್ತ ಶುರು: ಈ ವಾರ ಏನ್ ತಿಂದ್ರಿ?

ನಾನು ಆಲೂಗಡ್ಡೆ ಮಂಡಿಯಲ್ಲಿ ಲೆಕ್ಕ ಬರೆದವನು
ಮೂವತ್ತೊಂದು ವರ್ಷ. ಕೈ ಸುಮ್ಮನಿರದು.
ಕೆಂಪು ರಟ್ಟಿನ ಪುಸ್ತಕ, ನಡುವೆ ಗೀಟು:
ಎಡಕ್ಕೆ ತಿನ್ನಿ, ಬಲಕ್ಕೆ ತಿನ್ನಬೇಡಿ.

ಗೊರೂರು ಕಡೆಯ ದ್ಯಾವೀರಮ್ಮ:
ಸಕ್ಕರೆ ಮುಟ್ಟಬೇಡಿ ಕಣಣ್ಣ, ಗಂಟಿಗೆ ಅದೇ ಮೇವು.
ಬೆಲ್ಲ ಆಯ್ತದೆ.
ಮೆಹರುನ್ನಿಸಾ: ಬೆಲ್ಲ ಯಾರು, ಸಕ್ಕರೆಯ ತಂಗಿ!
ಜೇನು ತಗೊಳ್ಳಿ, ಕರಿಜೀರಿಗೆ ಜೊತೆ.
ಡ್ರೈವರ್ ಸಣ್ಣೇಗೌಡರು: ಗೋಧಿ ಹುಲ್ಲಿನ ರಸ,
ಬರಿ ಹೊಟ್ಟೆಗೆ. ಅವರ ಬೀಗರ ಬಾವನಿಗೆ
ಆರೇ ತಿಂಗಳಲ್ಲಿ ಬೆಣ್ಣೆಯ ಹಾಗೆ ಕರಗಿತಂತೆ.
ಬೀಗರ ಬಾವ ಈಗ ಎಲ್ಲಿದ್ದಾರೆ?
ಅದನ್ನು ಬರೆಯಲು ಪುಸ್ತಕದಲ್ಲಿ ಜಾಗವಿರಲಿಲ್ಲ.

ಮೂರನೇ ಮಂಗಳವಾರದ ಹೊತ್ತಿಗೆ
ಹಾಲು ಎರಡೂ ಕಡೆ ಇತ್ತು. ಮೊಟ್ಟೆ ಎರಡೂ ಕಡೆ.
ನುಗ್ಗೆಸೊಪ್ಪು ಬಲಕ್ಕೆ ಹೋಗಿ ವಾಪಸ್ ಬಂದಿತ್ತು.
ನೀರು ಮಾತ್ರ ಎಡಕ್ಕೆ ಗಟ್ಟಿ ಕೂತಿತ್ತು,
ಅದೂ ತಾಮ್ರದ ಚೊಂಬೋ ಮಣ್ಣಿನ ಹೂಜಿಯೋ
ತೀರ್ಮಾನವಾಗದೆ.
ಬಲಕ್ಕೆ ಯಾರೋ ಬರೆಸಿದ್ದ ಆಲೂಗಡ್ಡೆಯನ್ನು
ನಾನೇ ಹೊಡೆದುಹಾಕಿದೆ. ಉಂಡ ಮನೆ.

ಐದನೇ ಕುರ್ಚಿಯ ಹುಡುಗ ತೀರ್ಥಕುಮಾರ
ಬೇರು ಕೊಡುವವರ ಹತ್ತಿರ ಹೋಗಿ
ನಾಲ್ಕು ಬಾಟಲಿ ತಪ್ಪಿಸಿಕೊಂಡು ಬಂದ,
ಅಂಗಿಯೊಳಗೆ ಅರ್ಧವಾಗಿ.
ಸಿಸ್ಟರ್ ಫಿಲೋಮಿನಾ ಬೈಯಲಿಲ್ಲ. ನರ ಹುಡುಕುತ್ತ ಅಂದರು:
ಏನ್ ಬೇಕಾದ್ರೂ ತಿನ್ನಪ್ಪ, ಬೇಯಿಸಿ ತಿನ್ನು,
ಇದನ್ನೊಂದು ಬಿಡಬೇಡ.
ನಾವು ಕಿಟಕಿ ನೋಡಿದೆವು.
ಬೇರಿನವರ ವಿಳಾಸ ಅವನು ಬರೆದುಕೊಂಡದ್ದು
ನನ್ನ ಪುಸ್ತಕದ ಹದಿನಾಲ್ಕನೇ ಪುಟದಿಂದ.

ಆರನೇ ಕುರ್ಚಿ ನಂಜುಂಡಾಚಾರಿಯದು.
ನಾಲಗೆ ಅರ್ಧ ತೆಗೆದಿದ್ದರು. ಮೂಗಿನಲ್ಲಿ ನಳಿಗೆ,
ನಳಿಗೆಯಲ್ಲಿ ಸೋಸಿದ ಗಂಜಿ.
ನಮ್ಮ ಬೆಲ್ಲ, ಜೇನು, ಬಸ್ಸಾರಿನ ಜಗಳವನ್ನೆಲ್ಲ
ಟೆಂಟ್ ಸಿನಿಮಾ ನೋಡುವಂತೆ ನೋಡುತ್ತಿದ್ದ.
ಒಮ್ಮೆ ದ್ಯಾವೀರಮ್ಮ ಅಂದಳು:
ಚಮಚ ಬಾಯಿಗಿಟ್ರೆ ತುಕ್ಕು ನೆಕ್ಕಿದಂಗೆ,
ಮೊಸರನ್ನವೂ ಮೊಳೆ ತಿಂದಂಗೆ.
ಹೌದು, ಹೌದು, ಎಂದೆವು ಎಲ್ಲರೂ.
ಒಂದೇ ಮಾತಿಗೆ ನಾವು ಒಪ್ಪಿದ್ದು ಅದೇ ಮೊದಲು.

ಮುಂದಿನ ವಾರ ಟವೆಲ್ಲಿನಲ್ಲಿ ಸುತ್ತಿ ತಂದ,
ಐದು ಮರದ ಚಮಚ. ಹಲಸು.
ಹಿಡಿಯ ಮೇಲೆ ಒಬ್ಬೊಬ್ಬರದೂ ಗುರುತು:
ಮೆಹರುನ್ನಿಸಾಗೆ ಬಳ್ಳಿ, ಗೌಡರಿಗೆ ಸ್ಟೇರಿಂಗು,
ಹುಡುಗನಿಗೆ ಮೀನು, ದ್ಯಾವೀರಮ್ಮನಿಗೆ ಕೋಳಿ,
ನನಗೆ ಉದ್ದಕ್ಕೊಂದು ಗೀಟು.
ಆರನೆಯದು ಇರಲಿಲ್ಲ.
ಲೆಕ್ಕದವನು, ಎಣಿಸಿಬಿಟ್ಟೆ. ಸುಮ್ಮನಾದೆ.

ಅವತ್ತು ರಾತ್ರಿ ಮಜ್ಜಿಗೆ ಹುಳಿ
ಮಜ್ಜಿಗೆ ಹುಳಿಯಾಗಿಯೇ ಇತ್ತು.
ಮೂರು ಸಲ ಬಡಿಸಿಕೊಂಡೆ.
ಹೆಂಡತಿ ತಪ್ಪಲೆ ಬಗ್ಗಿಸಿ ತೋರಿಸಿದಳು: ನೋಡಿ, ತಳ.
ಗಂಟು ಕರಗಿತೇ? ಚಮಚಕ್ಕೆ ಆ ಕೆಲಸ ಗೊತ್ತಿಲ್ಲ,
ಅದು ಬಾಟಲಿಯ ಪಾಲಿಗೆ.

ಶ್ರಾವಣದಲ್ಲಿ ಆರನೇ ಕುರ್ಚಿಗೆ ಹೊಸಬರು ಬಂದರು,
ಅರಸೀಕೆರೆಯ ಟೀಚರ್. ತಲೆ ತುಂಬ ಕೂದಲು ಇನ್ನೂ,
ಕನಕಾಂಬರ ಕೂಡ. ಸೂಜಿ ನೋಡದೆ ನನ್ನ ಕಡೆ ತಿರುಗಿ
ಕೇಳಿದರು: ಏನೇನು ತಿನ್ನಬಹುದು ಸರ್?

ಪುಸ್ತಕ ಚೀಲದಲ್ಲಿತ್ತು, ಒಂದು ಹಾಳೆ ಹರಿದದ್ದು.
ದ್ಯಾವೀರಮ್ಮ ಆಗಲೇ ಬಾಯಿ ತೆರೆದಿದ್ದಳು, ಬೆಲ್ಲಕ್ಕೆ.
ನಾನು ನಡುವೆ ಬಾಯಿ ಹಾಕಿದೆ:
ನಿಮ್ಮೂರಲ್ಲಿ ಆಚಾರರು ಯಾರಾದರೂ ಇದ್ದಾರೇನಮ್ಮ?

ಯಾಕೆ, ಔಷಧಿ ಕೊಡ್ತಾರಾ?

ಅಲ್ಲ.
ಮರಗೆಲಸದವರು.